ಅರವತ್ತು ಗ್ರಾಮ್

ಮಲ್ಪೆ ಬಂದರಿನ ಹಿಂದೆ, ಮಂಜುಗಡ್ಡೆ ಕಾರ್ಖಾನೆಯ ಗೋಡೆಗೊರಗಿ
ನನ್ನದೊಂದು ಗೂಡಂಗಡಿ.
ತಕ್ಕಡಿ ರಿಪೇರಿ ಎಂದು ಬೋರ್ಡು ಉಂಟು,
ತಕ್ಕಡಿ ಮಾತ್ರ ಈಗ ಯಾರೂ ತರುವುದಿಲ್ಲ.

ಚಂದಕ್ಕ ಮೆಂಡನ್ ಬಂದದ್ದು ಮಧ್ಯಾಹ್ನ,
ಮೆಷಿನನ್ನು ಮಗುವಿನಂತೆ ಸೊಂಟಕ್ಕೇರಿಸಿ.
"ಖಾಲಿ ತಟ್ಟೆ ಇಪ್ಪತ್ತು ಗ್ರಾಮ್ ತೋರಿಸ್ತದೆ ಮಾರಾಯ.
ಏನೂ ಇಡದೆ ಇಪ್ಪತ್ತು ಅಂದ್ರೆ
ಅದು ಯಾರ ತೂಕ?"

ತಿರುಪು ಬಿಚ್ಚಿದೆ.
ಮೊದಲು ಸಿಕ್ಕಿದ್ದು ಉಪ್ಪು,
ಆಮೇಲೆ ಬೂತಾಯಿಯ ಒಣಗಿದ ಪೊರೆ, ಒಂದು ಸತ್ತ ಇರುವೆ,
ಅದರಡಿ ಚಿಪ್. ಅಕ್ಕನ ಬಾಯಲ್ಲಿ ಚಿಪ್ಪು.
ಕಿರುಬೆರಳ ಉಗುರಿನಷ್ಟು ಕಪ್ಪು, ಎರಡೂ ಬದಿ ಎಂಟೆಂಟು ಕಾಲು.
"ಏಡಿಗೂ ಹತ್ತೇ," ಅಂದಳು ಬಗ್ಗಿ ನೋಡಿ,
"ಈ ಚಿಪ್ಪಿನೊಳಗೆ ಮಾಂಸ ಉಂಟಾ?"

ಮಾಂಸ ಇಲ್ಲ, ಕಿವಿ ಉಂಟು.
ತಟ್ಟೆಯ ಕೆಳಗಿನ ಲೋಹದ ಪಟ್ಟಿ
ಒಂದು ಬಂಗುಡೆಗೆ ಎಷ್ಟು ಬಾಗೀತು?
ಕೂದಲನ್ನು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿದರೆ ಉಳಿಯುವಷ್ಟು.
ಅಷ್ಟಕ್ಕೇ ಅದು ನರಳಿದ್ದು ಇದಕ್ಕೆ ಕೇಳಿಸಬೇಕು,
ಕೇಳಿಸಿಕೊಂಡು ಎಣಿಸಬೇಕು, ಕೆಂಪು ಅಂಕಿಯಲ್ಲಿ ಹೇಳಬೇಕು,
ಹರಾಜಿನ ಗದ್ದಲ, ಇಂಜಿನ್ನಿನ ನಡುಕ,
ಕಾಗೆ ಕೂತು ಹಾರಿದ್ದು, ಇಷ್ಟೆಲ್ಲದರ ಮಧ್ಯೆ.

ನನಗೆ ಕೆಲಸ ಕಲಿಸಿದ ಬೊನಿಫಾಸ್ ಪೊರ್ಬುಗಳದ್ದು
ಹಿತ್ತಾಳೆಯ ಕಾಲ.
ತಟ್ಟೆಯಡಿ ತಡವಿ, ಮೆತ್ತಿದ ಹುಣಸೆಹಣ್ಣು ಕಿತ್ತು,
ಮೂಸಿ ನೋಡಿ ಅಂಗಡಿಯವನ ಹೆಸರು ಹೇಳುತ್ತಿದ್ದರು.
ಮೋಸಕ್ಕೆ ಆಗ ವಾಸನೆ ಇತ್ತು.

ಬ್ರಷ್ಷಿನಿಂದ ಉಪ್ಪು ತೊಳೆಯುತ್ತ ಬಂದೆ,
ಐದನೇ ಕಾಲು, ಆರನೇ ಕಾಲು,
ಏಳು ಎಂಟರ ಹತ್ತಿರ ಕೈ ನಿಂತಿತು.
ನಡುವೆ ಸಾಸಿವೆಯಷ್ಟು ರೆಸಿಸ್ಟರ್.
ಕಂಪನಿ ಇಟ್ಟದ್ದಲ್ಲ. ಬೆಸುಗೆಯ ಬಾಲ ಎಡಕ್ಕೆ ತಿರುಗಿದೆ.
ನಾನು ಎಡಗೈಯವ.

ಗೋಪ ತಿಂಗಳಾಯ. ನಾಲ್ಕು ವರ್ಷದ ಹಿಂದೆ,
ಸಂಜೆ, ಬಾಗಿಲು ಅರ್ಧ ಎಳೆದು.
ದೋಣಿಯವರಿಂದ ಮೀನು ಕೊಳ್ಳುವ ಮೆಷಿನ್.
"ಕಿಲೋಗೆ ಒಂದರವತ್ತು ಗ್ರಾಮ್ ಅದು ಮರೆತುಬಿಡಲಿ."
ಐನೂರು ಕೊಟ್ಟ. ಮಗಳ ಕನ್ನಡಕಕ್ಕೆ ಬೇಕಿತ್ತು ಎನ್ನಬಹುದು.
ಬೇಕಿರಲಿಲ್ಲ.

ಅವನು ಮಾರಿದ್ದು ಇವಳಿಗಾ?
ಲೆಕ್ಕ ಹಾಕಿದೆ, ಬೆವರುತ್ತ.
ಕೊಳ್ಳುವವನ ಸುಳ್ಳು ಮಾರುವವಳ ಕೈಗೆ ಬಂದು
ತಲೆಕೆಳಗಾಗಿದೆ:
ಕಿಲೋ ಎಂದು ಅವಳು ಕೊಟ್ಟದ್ದೆಲ್ಲ
ಕಿಲೋದ ಮೇಲೆ ಅರವತ್ತು ಚಿಲ್ಲರೆ.
ಚಂದಕ್ಕನ ಕೈ ದೊಡ್ಡದು ಎಂದು ಊರು ಹೇಳುವುದುಂಟಲ್ಲ,
ಸಂತೆಕಟ್ಟೆಯಿಂದಲೂ ಬಂದು ಸಾಲು ನಿಲ್ಲುತ್ತಾರಲ್ಲ,
ಆ ದೊಡ್ಡ ಕೈ ಈ ಸಾಸಿವೆ.

ಹೇಳಿಬಿಟ್ಟೆ.
ಅವಳು ಎಲೆಅಡಿಕೆಯನ್ನು ಇನ್ನೊಂದು ಕೆನ್ನೆಗೆ ದಾಟಿಸಿದಳು.
"ಗೊತ್ತುಂಟು. ತಂದ ವಾರವೇ ಗೊತ್ತಾಯ್ತು.
ಹನ್ನೆರಡರ ಪ್ರಾಯದಿಂದ ಬುಟ್ಟಿ ಹೊತ್ತ ತಲೆ ಇದು.
ದರದಲ್ಲಿ ಹದಿನೈದು ಏರಿಸಿದೆ.
ಅವರಿಗೆ ತೂಕ ಸಿಕ್ಕಿತು, ನನಗೆ ಹೆಸರು.
ದೋಣಿಯವರದ್ದು ಮಾತ್ರ ಯಾರೂ ವಾಪಸು ಕೊಡ್ಲಿಲ್ಲ.
ಅದರಲ್ಲಿ ನನ್ನ ತಮ್ಮನದ್ದೂ ಒಂದು ದೋಣಿ."

ಬೆಸುಗೆ ಕಡ್ಡಿ ಕಾಯಲು ಎರಡು ನಿಮಿಷ.
ಅಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ.
ಸಾಸಿವೆ ಕಳಚಿ ಚಿಮಟಕ್ಕೆ ಅಂಟಿತು,
ಸೀನಿದರೆ ಹಾರುವಷ್ಟು.
ಪೊರ್ಬುಗಳ ಹಳೇ ಒಂದು ಕಿಲೋ ಬಟ್ಟು ಇಟ್ಟೆ: 1000.
ತೆಗೆದೆ: 0.
ಫ್ಯಾನ್ ಆರಿಸಿ ಇನ್ನೊಮ್ಮೆ: 0.

"ಇಲಾಖೆಯ ಮೊಹರು ಹೊಸದಾಗಿ ಹಾಕಿಸಬೇಕು," ಎಂದೆ.
"ನಾಳೆ ರೇಟು ಇಳಿಸಬೇಕು, ಅದೇ ಕಷ್ಟ," ಅಂದಳು.
"ಇಪ್ಪತ್ತು ಹೋಯ್ತಲ್ಲ, ನಾನು ಬಂದದ್ದು ಅದಕ್ಕೆ.
ಇಟ್ಟ ಮೀನಿಗೆ ಏನಾದರೂ ಹೇಳಲಿ,
ಇಡದ ಮೀನಿಗೆ ಹೇಳಬಾರದು."

ಮಜೂರಿ ಎಷ್ಟೆಂದು ಕೇಳಲಿಲ್ಲ.
ಬುಟ್ಟಿಯಿಂದ ನಾಲ್ಕು ಬಂಗುಡೆ ತೆಗೆದು
ಅಂಗೈಯಲ್ಲಿ ಒಮ್ಮೆ ಆಡಿಸಿ
"ನಾನ್ನೂರು," ಅಂದಳು, ತಟ್ಟೆಗೆ ಹಾಕಿದಳು.
ಅಂಕಿಗಳು ಸ್ವಲ್ಪ ಓಡಾಡಿ ನಿಂತವು: 405.

"ಐದು ನೀರು," ಅಂದಳು.